ಇಲ್ಲದ ಗೋಣಿಯ ತೂಕ

ಮೂರ್ನಾಡು
11 ಆಗಸ್ಟ್ 2025

ಪ್ರೀತಿಯ ಜಯಾ,

ಹೇಗಿದ್ದೀಯ? ಬೆನ್ನು ನೋವು ಇಳಿಯಿತಾ? ದಿನವಿಡೀ ಮಿಲಿಟರಿ ಲಾರಿಗಳ ಅಡಿಯಲ್ಲಿ ಅಂಗಾತ ಮಲಗುವವನಿಗೆ ಬೆನ್ನು ನೋಯದೆ ಮತ್ತೆಂಥ ಹಲ್ಲು ನೋಯುತ್ತದಾ ಎಂದು ನಿನ್ನ ಹೆಂಡತಿ ಪವಿತ್ರಾ ಕೇಳುತ್ತಾಳೆ. ಕೇಳುವುದೇನೋ ಜೋರಾಗಿಯೇ, ಆದರೆ ನಿನಗೆಂದು ಕುಪ್ಪಿಯಲ್ಲಿ ಎಣ್ಣೆ ಕಾಯಿಸಿ ಇಟ್ಟಿದ್ದಾಳೆ, ಯಾರಾದರೂ ರಜೆ ಮುಗಿಸಿ ಆ ಕಡೆ ಹೋಗುವವರು ಸಿಕ್ಕಿದರೆ ಕಳಿಸುತ್ತಾಳಂತೆ. ನಾವಿಲ್ಲಿ ಸೌಖ್ಯ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ದೇವರನ್ನು ನೆನೆಸುತ್ತದೆ, ಇಳಿಯುವಾಗ ನಾಸ್ತಿಕ. ಮೂರನೇ ತಾರೀಕು ಆಟಿ ಸೊಪ್ಪಿನ ಪಾಯಸ ಆಯಿತು, ನಿನ್ನ ಪಾಲಿನದನ್ನೂ ನಾನೇ ತಿಂದೆ. ಈ ಕಾಗದವನ್ನು ಎಂದಿನಂತೆ ನಿನ್ನ ಮಗಳು ರಶ್ಮಿತಾ ಓದಿ, ತಪ್ಪು ತಿದ್ದಿ, ಲಕೋಟೆಗೆ ಹಾಕುತ್ತಾಳೆ. ಇಷ್ಟು ವರ್ಷ ಎಸ್ಟೇಟಿನಲ್ಲಿ ತೂಕ, ಲೆಕ್ಕ ಬರೆಯುವ ರೈಟರಾಗಿದ್ದವನ ಬರಹಕ್ಕೆ ಹತ್ತನೇ ಕ್ಲಾಸು ಮುಗಿಸಿದವಳು ಕೆಂಪು ಶಾಯಿ ಹಾಕುತ್ತಾಳೆ, ನೋಡು ಕಾಲವನ್ನು. ಫೋನಿನಲ್ಲೇ ಎಲ್ಲ ಹೇಳಿಬಿಡೋಣವೆಂದರೆ ನಿನ್ನ ಫೋನು ಬರುವುದೇ ಅಪರೂಪ, ಬಂದರೂ ಅವಳೇ ಎತ್ತುತ್ತಾಳೆ, ಊರಿಗೆಲ್ಲ ಕೇಳುವ ಹಾಗೆ ಸ್ಪೀಕರ್ ಹಾಕುತ್ತಾಳೆ. ಹಾಗಾಗಿ ಕಾಗದವೇ ವಾಸಿ.

ಮನೆಯಲ್ಲಿ ಈಗ ನಡೆಯುತ್ತಿರುವುದು ಒಂದೇ ವಿಷಯ, ಅದು ಸೈಕಲ್ಲು. ಕೈಲ್ ಮುಹೂರ್ತದ ಆಯುಧ ಹಬ್ಬದ ದಿನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಮುಗಿದ ಮೇಲೆ ಈ ಸಲ ಸೈಕಲ್ ಹಾರಿಸುವ ಸ್ಪರ್ಧೆಯೂ ಇದೆಯಂತೆ. ನಮ್ಮ ಬೋಜನ ಮಗ ಸೋಮ, ಬಸ್‌ಸ್ಟ್ಯಾಂಡಿನ ಹತ್ತಿರ ಸೈಕಲ್ ಅಂಗಡಿ ಇಟ್ಟಿದ್ದಾನಲ್ಲ, ಅವನೇ ಮುಂದೆ ನಿಂತು ಹಳೆ ಗೋದಾಮಿನ ಹಿಂದೆ ಮಣ್ಣಿನ ದಿಬ್ಬಗಳನ್ನು ಕಟ್ಟಿಸಿದ್ದಾನೆ. ಕಾಫಿಗೆ ಹೊದಿಸುವ ಟಾರ್ಪಾಲನ್ನು ಅದಕ್ಕೆ ಹೊದಿಸಿಟ್ಟು, ಮಳೆ ಬಿಟ್ಟು ಹೊಳವಾದ ದಿನ ಬಿಚ್ಚುತ್ತಾರೆ. ಒಂದು ದಿಬ್ಬದಿಂದ ಹಾರಿ ಇನ್ನೊಂದರ ಬೆನ್ನಿನ ಮೇಲೆ ಇಳಿಯಬೇಕು. ನಡುವೆ ಹೊಂಡ. ಹೋದ ಶನಿವಾರ ನಾನೂ ಕೊಡೆ ಹಿಡಿದು ನೋಡಲು ಹೋಗಿದ್ದೆ. ಗಂಡು ಹುಡುಗರು ಹೊಂಡ ನೋಡಿ ಬ್ರೇಕು ಹಿಡಿದರು. ನಮ್ಮ ಕೂಸು ಹಿಡಿಯಲಿಲ್ಲ. ಗಾಳಿಯಲ್ಲಿ ಅವಳು ಇದ್ದಷ್ಟು ಹೊತ್ತು ನಾನು ಉಸಿರಾಡಿದ ನೆನಪಿಲ್ಲ. ಇಳಿದ ಮೇಲೆ ನನ್ನ ಕಡೆ ನೋಡಿ ನಕ್ಕಳು, ನಾನು ವಾಚು ನೋಡುತ್ತಿರುವವನ ಹಾಗೆ ನಿಂತೆ. ಹೊಗಳಿದರೆ ತಲೆ ಮೇಲೆ ಕೂರುತ್ತಾಳೆ.

ಅವಳು ಹಾರುವುದರಲ್ಲಿ ಅನುಮಾನವಿಲ್ಲ, ಯಾವ ಫ್ರೇಮಿನ ಮೇಲೆ ಹಾರುತ್ತಾಳೆ ಎನ್ನುವುದೇ ಈಗಿನ ಜಗಳ. ಹಳೆಯದು ನೀನು ತಂದುಕೊಟ್ಟ ಬಿ.ಎಂ.ಎಕ್ಸ್ ಸೈಕಲ್ಲು. ಅದನ್ನು ತಂದಾಗ ಅವಳು ನನ್ನ ಸೊಂಟಕ್ಕೆ ಬರುತ್ತಿದ್ದಳು, ಈಗ ನನ್ನ ಭುಜ ದಾಟಿದ್ದಾಳೆ. ಹ್ಯಾಂಡಲ್ ತಿರುಗಿಸಿದರೆ ಮಂಡಿಗೆ ತಾಗುತ್ತದೆ. ಜೊತೆಗೆ ಏಪ್ರಿಲ್ ರಜೆಯಲ್ಲಿ ಬಂದಾಗ ಅದರ ಕುತ್ತಿಗೆಗೆ, ಹ್ಯಾಂಡಲ್ ನಿಲ್ಲುವ ಜಾಗದ ಕೆಳಗೆ, ಗೇಟು ಮಾಡುವವನ ಮೆಷಿನ್ನಿನಲ್ಲಿ ನೀನೇ ಒಂದು ಕಬ್ಬಿಣದ ಪಟ್ಟಿ ಬೆಸೆದೆಯಲ್ಲ, ಅದರ ಭಾರ ಬೇರೆ. “ಇನ್ನು ಆನೆ ಕೂತರೂ ಅಲುಗಲ್ಲ” ಎಂದು ನೀನು ಹೇಳಿದ ಮಾತನ್ನು ಅವಳು ಸಿಕ್ಕಿದವರಿಗೆಲ್ಲ ಹೇಳಿದ್ದಾಳೆ. ಸೋಮ ಮಾತ್ರ “ಅಜ್ಜ, ಕೂಸು ಬೆಳ್ದಿದ್ದಾಳೆ, ಫ್ರೇಮ್ ಬೆಳೀಲಿಲ್ಲ” ಎಂದ. ಅದು ಸರಿಯಾದ ಮಾತೇ. ಈ ವರ್ಷ ಕರಿಮೆಣಸು ಕೈ ಹಿಡಿದಿದೆ, ಆದ್ದರಿಂದ ಹೊಸದು ತರೋಣ ಎಂದೆ. ಹಾರುವುದೆಂದರೆ ಮೊದಲಿನಿಂದಲೂ ಆಗದ ಪವಿತ್ರಾ “ಮೆಣಸು ಮಾರಿ ಕಾಲು ಮುರ್ಕೊಳ್ಳೋದಾ ಮಾವ?” ಎಂದಳು. ನಾನು ಕಿವಿ ಕೇಳಿಸದವನ ಹಾಗೆ ಎದ್ದು ಹೋದೆ. ವಯಸ್ಸಾದುದಕ್ಕೆ ಇದೊಂದು ಲಾಭ.

ಸೋಮ ಮೈಸೂರಿನಿಂದ ಎರಡು ಫ್ರೇಮು ತರಿಸಿ ನೇರ ನಮ್ಮ ಅಂಗಳಕ್ಕೇ ತಂದ. ಒಂದು ಅಲ್ಯೂಮಿನಿಯಂ, ಗೋಣಿಚೀಲದಲ್ಲಿ ಸುತ್ತಿತ್ತು. ಇನ್ನೊಂದು ಕ್ರೋಮೋಲಿ ಎನ್ನುವ ಉಕ್ಕು, ಏನೂ ಸುತ್ತದೆ ಬರಿದಾಗಿಯೇ ಇತ್ತು. ಹಾರುವ ಸೈಕಲ್ಲು ಹಗುರ ಇರಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ಅದು ನಮ್ಮನ್ನು ಎಳೆಯುತ್ತದೆ. ಗಟ್ಟಿಯೂ ಇರಬೇಕು, ಇಲ್ಲದಿದ್ದರೆ ಇಳಿಯುವಾಗ ಕೈಕೊಡುತ್ತದೆ. ಹಗುರ ಯಾವುದು ಎಂಬುದನ್ನು ತೀರ್ಮಾನಿಸಲು ಇಡೀ ಮನೆ ನನ್ನ ಮುಖ ನೋಡಿತು. ನೋಡದೆ ಇರುತ್ತದಾ? ಮೂರ್ನಾಡಿನಿಂದ ನಾಪೋಕ್ಲಿನವರೆಗೆ ನನ್ನ ತೂಕಕ್ಕೆ ಎದುರು ಮಾತಾಡಿದವರಿಲ್ಲ. ಕೊಟ್ಟಿಗೆಯ ತೊಲೆಗೆ ನೇತು ಹಾಕಿರುವ ತಕ್ಕಡಿಯ ಕೊಕ್ಕೆಗೆ ಒಂದೊಂದನ್ನೇ ಸಿಕ್ಕಿಸಿ, ಮುಳ್ಳು ನಿಂತ ಕೂಡಲೇ ಕೂಗಿದೆ. ಅಲ್ಯೂಮಿನಿಯಂ ಒಂದು ಕಿಲೋ ಏಳುನೂರು. ಉಕ್ಕು ಒಂದು ಕಿಲೋ ಮುನ್ನೂರು. ಉಕ್ಕೇ ಹಗುರ! ಸೋಮ ತಲೆ ಕೆರೆದುಕೊಂಡ. ಕಂಪನಿಯವರು ಬರೆದದ್ದೇ ಬೇರೆ ಎಂದ. “ಕಂಪನಿಯವರು ಬರೆದದ್ದು ಇರಲಿ, ಮುಳ್ಳು ಸುಳ್ಳು ಹೇಳ್ತದಾ?” ಎಂದು ಗದರಿಸಿದೆ. ರಶ್ಮಿತಾ ಮಾತ್ರ ಎರಡನ್ನೂ ಎರಡು ಕೈಯಲ್ಲಿ ಎತ್ತಿ ಹಿಡಿದು, ಒಂದು ಸಲ ಅತ್ತ, ಒಂದು ಸಲ ಇತ್ತ ತೂಗಿ, “ಅಜ್ಜ, ಈ ಉಕ್ಕಿನದ್ದಕ್ಕೆ ಗೋಣಿ ಎಲ್ಲಿತ್ತು?” ಎಂದು ಕೇಳಿದಳು.

ಎಲ್ಲಿತ್ತು? ಎಲ್ಲೂ ಇರಲಿಲ್ಲ. ಕಾಫಿಯೋ ಮೆಣಸೋ ಕೊಕ್ಕೆಗೆ ಬಂದರೆ ಗೋಣಿಯ ಒಂದು ಕಿಲೋ ಕಳೆದು ಕೂಗುವುದು ನನ್ನ ನಾಲಿಗೆಗೆ ಅಂಟಿ ಹೋಗಿದೆ. ಗೋಣಿ ಇದ್ದರೂ ಕಳೆದೆ, ಇಲ್ಲದಿದ್ದರೂ ಕಳೆದೆ. ಪವಿತ್ರಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು, ಒಳಗಿನಿಂದ ನಗು ಕೇಳಿತು. ಸೋಮ ಇದನ್ನು ಬಸ್‌ಸ್ಟ್ಯಾಂಡಿನಲ್ಲಿ ಹೇಳದೆ ಬಿಟ್ಟಿರುತ್ತಾನೆಯೇ? ಈಗ ನಾನು ಪೇಟೆಗೆ ಹೋದರೆ “ಗೋಣಿ ಕಳೀರಿ ಅಜ್ಜ” ಎನ್ನುವವರೇ ಎಲ್ಲ. ನಗಲಿ ಬಿಡು. ನಿನ್ನ ಮಗಳು ಹೊಡೆದು ಹಾಕದಿದ್ದರೆ ಈ ಭಾಗ ನಿನಗೂ ತಲುಪೀತು, ನೀನೂ ನಗು.

ಸರಿಯಾಗಿ ತೂಗಿದ ಮೇಲೆ ಅಲ್ಯೂಮಿನಿಯಮ್ಮೇ ಹಗುರ ಎಂದಾಯಿತು. ಆದರೂ ನಾನು ಉಕ್ಕನ್ನು ಬಿಡಲಿಲ್ಲ, ಸೋಮನೂ ಬಿಡಲಿಲ್ಲ, ಕಾರಣ ಅವನ ಅಪ್ಪ. ನಿನಗೆ ನೆನಪಿರಬಹುದು, ಎಸ್ಟೇಟಿಗೆ ಮೊದಲ ಸಲ ಅಲ್ಯೂಮಿನಿಯಂ ಏಣಿ ಬಂದಾಗ ಹೊರಲು ಹಗುರ ಎಂದು ಮೆಣಸು ಕೊಯ್ಯುವವರೆಲ್ಲ ಅದಕ್ಕೇ ಮುಗಿಬಿದ್ದಿದ್ದರು. ಎರಡು ಪಿಕ್ಕಿಂಗ್ ಚೆನ್ನಾಗಿಯೇ ನಡೆಯಿತು. ಮೂರನೆಯದರಲ್ಲಿ ಬೋಜ ಮೇಲಿದ್ದಾಗ ಯಾವ ಮುನ್ಸೂಚನೆಯೂ ಇಲ್ಲದೆ ಏಣಿ ಮೆಟ್ಟಿಲ ಹತ್ತಿರ ಪಟಕ್ಕನೆ ತುಂಡಾಯಿತು. ಬೋಜ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರವನ್ನು ಅಪ್ಪಿಕೊಂಡು, ನನ್ನನ್ನೂ ಮಾಲೀಕರನ್ನೂ ಸೇರಿಸಿ ಬಯ್ಯುತ್ತಾ ನೇತಾಡಿದ. ಬಿದಿರಿನ ಏಣಿಯಾದರೆ ಮುರಿಯುವ ಮೊದಲು ಕಿರುಗುಟ್ಟುತ್ತದೆ, ಬಾಗುತ್ತದೆ, ಇಳಿ ಎನ್ನುತ್ತದೆ. ಸೋಮ ಹೇಳುವ ಪ್ರಕಾರ ಉಕ್ಕಿನ ಫ್ರೇಮೂ ಹಾಗೆಯೇ, ಮೊದಲು ಬಾಗುತ್ತದೆ, ಸಣ್ಣದಾಗಿ ಬಿರುಕು ಬಿಟ್ಟು ತೋರಿಸುತ್ತದೆ, ನೋಡುವ ಕಣ್ಣಿದ್ದರೆ ಎಚ್ಚರಿಕೆ ಸಿಗುತ್ತದೆ. ಅಲ್ಯೂಮಿನಿಯಂ ಒಳಗೊಳಗೇ ದಣಿದು ಒಂದು ದಿನ ಹೇಳದೆ ಹೋಗುತ್ತದೆ. ಈ ಕ್ರೋಮೋಲಿಯ ಪೈಪು ನಡುವೆ ತೆಳು, ಬೆಸುಗೆ ಬರುವ ಎರಡು ತುದಿಗಳಲ್ಲಿ ದಪ್ಪ. ಬೆರಳಿನಿಂದ ತಟ್ಟಿದರೆ ನಡುವೆ ಟಿಣ್ ಎನ್ನುತ್ತದೆ, ತುದಿಯಲ್ಲಿ ಟಕ್ ಎನ್ನುತ್ತದೆ. ಹಗುರ ಬೇಕಾದಲ್ಲಿ ಹಗುರ, ಬಲ ಬೇಕಾದಲ್ಲಿ ಬಲ. ಹಿಂದಿನ ಚಕ್ರ ಕಾಲಿಗೆ ಹತ್ತಿರವಿರುವುದರಿಂದ ಮುಂದಿನದನ್ನು ಎತ್ತುವುದು ಸಲೀಸಂತೆ. ರಶ್ಮಿತಾ ಅದರ ಮೇಲೆ ಗಲ್ಲ ಇಟ್ಟು ಉದ್ದಕ್ಕೂ ನೇರ ಇದೆಯಾ ಎಂದು ಒಂದು ಕಣ್ಣು ಮುಚ್ಚಿ ನೋಡಿದಳು, ಥೇಟ್ ನೀನು ಕೋವಿ ನೋಡುತ್ತಿದ್ದ ಹಾಗೆ. “ಇದೇ ಸಾಕು ಅಜ್ಜ” ಎಂದಳು. ಹೊರಡುವಾಗ ಸೋಮ, ಇಂಥ ತೆಳು ಪೈಪಿಗೆ ಗೇಟಿನ ವೆಲ್ಡಿಂಗ್ ಮುಟ್ಟಿಸಬಾರದು, ಕಾವಿಗೆ ಉಕ್ಕಿನ ಜೀವ ಹೋಗುತ್ತದೆ ಎಂದ. ಯಾರನ್ನೂ ನೋಡಿ ಹೇಳಲಿಲ್ಲ.

ಇಷ್ಟೆಲ್ಲ ಆಗಿ ಹೊಸ ಫ್ರೇಮು ಅಟ್ಟದ ಮೊಳೆಯಲ್ಲಿ ನೇತಾಡುತ್ತಿದೆ. ಚಕ್ರ, ಹ್ಯಾಂಡಲ್ ಬಿಚ್ಚಿ ಅದಕ್ಕೆ ಹಾಕಿಕೊಡುತ್ತೇನೆ ಎಂದು ಸೋಮ ಬಂದ ದಿನ ಕೂಸು ಹಳೆಯದನ್ನು ಹಿಡಿದುಕೊಂಡು ಬಿಡಲೇ ಇಲ್ಲ. “ಈ ಸಲ ಇದ್ರಲ್ಲೇ ಹಾರ್ತೀನಿ, ಅಪ್ಪ ಮಾಡಿಕೊಟ್ಟದ್ದು” ಎಂದಳು. ನಾವು ಹೇಳುವಷ್ಟು ಹೇಳಿದೆವು. ನಿನ್ನ ಮಗಳಲ್ಲವಾ, ಹಟಕ್ಕೆ ಬಿದ್ದರೆ ಮುಗಿಯಿತು.

ಇನ್ನೊಂದು ವಿಷಯ, ಇದನ್ನು ನಾನು ಬರೆಯದಿದ್ದರೆ ಪವಿತ್ರಾ ಹೇಳುತ್ತಾಳೆ. ಮೊನ್ನೆ ನಾನು ಕೋವಿ, ಕತ್ತಿ, ಗುದ್ದಲಿ ಎಲ್ಲವನ್ನೂ ಒರೆಸಿ ದೇವರ ಕೋಣೆಗೆ ಸೇರಿಸಿ ದೀಪ ಇಟ್ಟುಬಿಟ್ಟೆ. ಅವುಗಳ ಜೊತೆಗೆ ಕೂಸಿನ ಹಳೆ ಸೈಕಲ್ಲನ್ನೂ ಇಟ್ಟೆ, ಅದೂ ಈಗ ಅವಳ ಆಯುಧವೇ ತಾನೇ. ಒಮ್ಮೆ ಒಳಗೆ ಸೇರಿದ್ದನ್ನು ಕೈಲ್ ಮುಹೂರ್ತದ ಪೂಜೆ ಆಗದೆ ಯಾರೂ ಮುಟ್ಟುವ ಹಾಗಿಲ್ಲ ಎನ್ನುವುದು ನಿನಗೆ ಗೊತ್ತು. ಆದರೆ ಹಬ್ಬಕ್ಕೆ ಇನ್ನೂ ವಾರಗಳಿವೆಯಂತೆ. ಕತ್ತಿ ಇಲ್ಲದೆ ಪವಿತ್ರಾ ಬಾಳೆಲೆ ತರಲು ಪಕ್ಕದ ಮನೆಗೆ ಹೋಗಬೇಕಾಗಿದೆ. ಕೂಸು ಒಂದು ದಿನವಿಡೀ ನನ್ನೊಂದಿಗೆ ಮಾತು ಬಿಟ್ಟಳು. ಮಾವನಿಗೆ ಮರೆವು ಶುರುವಾಗಿದೆ, ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸಬೇಕು ಎಂದು ಅಡಿಗೆ ಮನೆಯಲ್ಲಿ ಮಾತಾಗುತ್ತಿದೆ. ಮೊದಲು ಗೋಣಿ, ಈಗ ಪಂಚಾಂಗ. ಆಗಲಿ, ತೋರಿಸಲಿ.

ಹೊಟ್ಟೆ ತುಂಬ ಊಟ ಮಾಡು. ಬೆನ್ನಿಗೆ ಬಿಸಿ ನೀರು ಹಾಕಿಕೋ. ನಮ್ಮ ಹಿರಿಯರು ನಿನ್ನನ್ನು ಅಲ್ಲಿಯೂ ಕಾಯಲಿ. ಪವಿತ್ರಾಳ ನೆನಪುಗಳು, ಕೂಸಿನ ಮುತ್ತುಗಳು, ನನ್ನ ಆಶೀರ್ವಾದ.

ಇತಿ ನಿನ್ನ ಅಪ್ಪ,
ಅಪ್ಪಯ್ಯ

ವಿ.ಸೂ.: ಕೂಸು ಮೇಲಿನದ್ದನ್ನೆಲ್ಲ ಓದಿ, ಎರಡು ಕಡೆ ತಿದ್ದಿ, ಲಕೋಟೆ ತರಲು ಅಂಗಡಿಗೆ ಹೋಗಿದ್ದಾಳೆ. ಬರುವುದರೊಳಗೆ ಮುಗಿಸಿ ಮಡಚಿಡಬೇಕು, ಈ ಸಲ ಲಕೋಟೆ ನಾನೇ ಅಂಟಿಸುತ್ತೇನೆ. ಜಯಾ, ನನಗೆ ಮರೆವೂ ಬಂದಿಲ್ಲ, ಮಣ್ಣೂ ಬಂದಿಲ್ಲ. ಹಬ್ಬ ಯಾವತ್ತು ಎಂದು ನನಗೆ ಚೆನ್ನಾಗಿ ಗೊತ್ತು. ನೀನು ಪಟ್ಟಿ ಬೆಸೆದೆಯಲ್ಲ, ಅದರ ಅಂಚಿಗೇ ಪೈಪು ಬಿರುಕು ಬಿಟ್ಟಿದೆ. ಅವಳು ಅದರ ಮೇಲೆ ನಿನ್ನ ರೆಜಿಮೆಂಟಿನ ಸ್ಟಿಕ್ಕರು ಅಂಟಿಸಿದ್ದಾಳೆ. ಕೆಸರು ಒರೆಸುವಾಗ ಸ್ಟಿಕ್ಕರಿನ ಅಡಿಯಿಂದ ತುಕ್ಕಿನ ನೀರು ಇಳಿದಿತ್ತು, ಎಬ್ಬಿಸಿ ನೋಡಿದೆ. ಉಗುರು ಒಳಗೆ ಹೋಗುತ್ತದೆ. ಕೇಳಿದರೆ “ಇಲ್ಲದ ಗೋಣಿ ಕಳೆದವರಿಗೆ ಇಲ್ಲದ ಬಿರುಕು ಕಾಣ್ತದೆ” ಎಂದಳು. ಆಮೇಲೆ ಅತ್ತಳು. “ಅಪ್ಪನಿಗೆ ಹೇಳ್ಬೇಡಿ ಅಜ್ಜ, ಅಷ್ಟು ದೂರದಲ್ಲಿ ಒಬ್ರೇ ಕೂತು ಬೇಜಾರು ಮಾಡ್ಕೊಳ್ತಾರೆ” ಎಂದಳು. ಪವಿತ್ರಾಳಿಗೆ ಹೇಳಿದರೆ ಹಳೆಯದರ ಜೊತೆ ಹೊಸದೂ ಹೋಗುತ್ತದೆ, ಹಾರುವುದೂ ನಿಲ್ಲುತ್ತದೆ. ಅವಳು ಹಾರುವುದನ್ನು ನಾನು ನೋಡಿದ್ದೇನೆ, ನಿಲ್ಲಿಸುವ ಮನಸ್ಸು ನನಗಿಲ್ಲ. ಅದಕ್ಕೇ ದೇವರ ಕೋಣೆಗೆ ಹಾಕಿದೆ. ಅಲ್ಲಿಂದ ಯಾರೂ ತೆಗೆಯುವುದಿಲ್ಲ, ಆದರೆ ಸೆಪ್ಟೆಂಬರ್ ಮೂರರ ಹಬ್ಬದವರೆಗೆ ಮಾತ್ರ.

ಅವಳಿಗೆ ನೀನೇ ಬರೆ. ನಾನು ಹೇಳಿದೆ ಎಂದು ಬೇಡ. ನಿನ್ನ ವರ್ಕ್‌ಶಾಪಿನಲ್ಲಿ ಯಾರೋ ಹೇಳಿದರು ಎಂದು ಬರೆ, ನನ್ನ ಬೆಸುಗೆ ತಪ್ಪಾಗಿದೆ ಕೂಸೇ, ಅದರ ಮೇಲೆ ಹತ್ತಬೇಡ, ನನಗೆ ಬೇಜಾರಿಲ್ಲ ಎಂದು ಬರೆ. ಆ ಕೊನೆಯ ಮಾತು ಬಿಡಬೇಡ. ನೀನು ಗಟ್ಟಿ ಎಂದದ್ದಕ್ಕೇ ಅವಳು ಹತ್ತುತ್ತಿದ್ದಾಳೆ, ನೀನು ಬೇಡ ಎಂದರೆ ಮಾತ್ರ ಇಳಿಯುತ್ತಾಳೆ.

ಹಬ್ಬದ ಬೆಳಿಗ್ಗೆ ಪೂಜೆಯಾದ ಮೇಲೆ ಅವರವರ ಆಯುಧ ಅವರವರ ಕೈಗೆ ಎತ್ತಿ ಕೊಡಬೇಕಾದವನು ಈ ಮನೆಯಲ್ಲಿ ನಾನು. ಅವಳು ತಲೆ ಬಗ್ಗಿಸಿ ಮುಂದೆ ನಿಲ್ಲುತ್ತಾಳೆ, ನಾನು ಅಕ್ಕಿ ಹಾಕಿ ಹರಸಿ ಆ ಸೈಕಲ್ಲನ್ನು ಅವಳ ಕೈಗೆ ಕೊಡಬೇಕು. ನನ್ನಿಂದ ಆಗುವುದಿಲ್ಲ ಜಯಾ. ಗೇಟಿನ ಸದ್ದಾಯಿತು, ಬಂದಳು. ಇವತ್ತೇ ಬರೆ.