ಗೆಳೆಯ ಬರೆದದ್ದು ಎರಡನೆಯದಾಯಿತು

ಮಾರ್ಚ್ ೧೧, ಮಂಗಳವಾರ

ಗೆಳೆಯನ ಪ್ರೋಗ್ರಾಂ ಅನ್ನು ಇವತ್ತು ನಾನೇ ಹಿಂದಕ್ಕೆ ಸರಿಸಿದೆ.

ಮೇಲ್ ಕಳಿಸಲು ಎರಡು ಪ್ರೋಗ್ರಾಂಗಳಿವೆ. ಇಂಥದೇ ಬೇಕು ಎಂದು ಯಾರೂ ಹೇಳದಿದ್ದರೆ ಕಂಪ್ಯೂಟರಿಗೆ ಪ್ರೋಗ್ರಾಂ ತಂದು ಹಾಕುವ ನಮ್ಮ ಪ್ಯಾಕೇಜ್ ಮ್ಯಾನೇಜರ್ ಪಟ್ಟಿಯಲ್ಲಿ ಮೊದಲಿರುವುದನ್ನೇ ಹಾಕುತ್ತದೆ. ಇಷ್ಟು ವರ್ಷ ಮೊದಲಿದ್ದದ್ದು ಅವನದು. ಅವನು ತೀರಿಕೊಂಡ ಮೇಲೆ ಅದರ ದೋಷ ತಿದ್ದುವವರೇ ಇಲ್ಲ. ನಾನು ಮಾಡಿದ್ದು ಸರಿಯೇ.

ಸಂಜೆ ಅವನ ಹೆಂಡತಿ ಫೋನ್ ಮಾಡಿದ್ದರು. "ಇವರು ಬರೆದಿದ್ದು ಇನ್ನೂ ಓಡ್ತಿದೆ ಅಲ್ವೇನಪ್ಪಾ?"

"ಓಡ್ತಿದೆ ಅತ್ತಿಗೆ. ಹಾಕ್ಕೊಂಡಿರೋರ ಹತ್ರ ಯಾರೂ ಅದನ್ನ ತೆಗೆಯಲ್ಲ."

ಸುಳ್ಳಲ್ಲ. ಆ ಕಂಪ್ಯೂಟರುಗಳು ಕೆಡುವ ತನಕ ಇರುತ್ತದೆ.

"ಮಗಳಿಗೆ ಹೊಸ ಕಂಪ್ಯೂಟರ್ ತಂದಿದೀನಿ. ಅದರಲ್ಲೂ ಅಪ್ಪ ಬರೆದಿದ್ದು ತಾನಾಗೇ ಬರುತ್ತಲ್ವಾ?"

"ಹೆಸರು ಹೇಳಿ ಕೇಳಿದ್ರೆ ಬರುತ್ತೆ, ಅತ್ತಿಗೆ."

ನಿನ್ನೆಯವರೆಗೆ ಕೇಳದೆಯೇ ಬರುತ್ತಿತ್ತು.