ಬದುಕಿರುವಾಗಲೇ ಒಂದು ತಿದ್ದುಪಡಿ

ಮುದ್ರಣಾಲಯದ ಹಿಂದಿನ ಕೋಣೆ
ಮಾರ್ಚ್ ೧೦, ಸೋಮವಾರ

ಪ್ರೀತಿಯ ಪಟಾಕೀ,

ಹೇಗಿದ್ದೀಯ? ಗಂಟಲು ಸರಿಹೋಯಿತಾ? ಮೊನ್ನೆ ಸುದ್ದಿ ಓದುವಾಗ ಕೆಮ್ಮಿದೆಯಲ್ಲ. ಸೇರಿದ್ದು ಎದುರಾಳಿ ಚಾನೆಲ್ಲಾದರೂ ಕೆಮ್ಮು ಮಾತ್ರ ನಿಮ್ಮಪ್ಪನದೇ. ಬಿಸಿನೀರು ಕುಡಿ. ನಾನು ಗುಂಡುಕಲ್ಲಿನ ಹಾಗಿದ್ದೇನೆ.

ನಮ್ಮ ಪತ್ರಿಕೆಗೆ ಐವತ್ತು ತುಂಬಿತು. ಸಭಾಂಗಣದ ತುಂಬ ಜನ. ನಿಮ್ಮಪ್ಪ, ನನ್ನ ಭಾವ, ಹೊಸ ಕೋಟು ಹಾಕಿ ಮುಂದಿನ ಸಾಲಿನಲ್ಲಿ ಮದುಮಗನ ಹಾಗೆ ಕೂತಿದ್ದರು. ಕಂಪನಿಯ ಚರಿತ್ರೆ ತೋರಿಸುತ್ತೇವೆಂದು ದೀಪ ಆರಿಸಿದರು. ಶುರುವೇನೋ ಭರ್ಜರಿಯಾಗಿತ್ತು: ಬಾಡಿಗೆ ಶೆಡ್ಡು, ಕಾಲಲ್ಲಿ ತುಳಿಯುವ ಮೆಷಿನ್ನು, ಅದನ್ನು ತುಳಿಯುತ್ತಿರುವ ಸುಂದರ ತರುಣ (ನಾನೇ!). ಆಮೇಲೆ ವಾರಪತ್ರಿಕೆ, ಮಕ್ಕಳ ಮಾಸಿಕ, ರೇಡಿಯೊ, ಎರಡು ಟಿವಿ ಚಾನೆಲ್ಲು, ಶಾಯಿ ಕಾರ್ಖಾನೆ. ಎಲ್ಲಕ್ಕೂ ಹೆಗಲು ಕೊಟ್ಟವನು ನಾನು. ಹಳ್ಳಿ ಶಾಲೆಯ ಮೇಷ್ಟ್ರು ನಾಲ್ಕನೇ ಕ್ಲಾಸಿಗೇ ನನಗೆ ಕೈಮುಗಿದು ಕಳಿಸಿದ್ದನ್ನು ತೋರಿಸಲಿಲ್ಲ, ಪುಣ್ಯ. ಅಷ್ಟರಲ್ಲಿ ಭಾವನ ಫೋಟೊ ಬಂತು, ಪಿಟೀಲು ಅಳತೊಡಗಿತು. "ಇಂಥ ಧೀಮಂತ ಇಂದು ನಮ್ಮೊಂದಿಗಿಲ್ಲ" ಅಂದಿತು ಧ್ವನಿ!

ನಿನಗೆ ಗೊತ್ತಲ್ಲ, ದೊಡ್ಡವರು ತೀರಿಕೊಂಡರೆ ತಕ್ಷಣ ಹಾಕಲು ಟಿವಿಯವರು ಶ್ರದ್ಧಾಂಜಲಿ ಚಿತ್ರ ಮೊದಲೇ ಮಾಡಿಟ್ಟಿರುತ್ತಾರೆ. ಭಾವನದೂ ಮಾಡಿಟ್ಟಿದ್ದರು. ಬಂದಿದ್ದು ಅದೇ! ಎರಡರಲ್ಲೂ ಮೊದಲರ್ಧ ಒಂದೇ, ಯಾರಿಗೆ ಗೊತ್ತಾಗಬೇಕು? ಸ್ಟುಡಿಯೊ ಮ್ಯಾನೇಜರು "ನಿಲ್ಲಿಸ್ರೋ" ಅಂತ ಓಡಿದ. ಭಾವ ಮಾತ್ರ "ಬಿಡಯ್ಯಾ, ಸತ್ತ ಮೇಲೆ ನಾನು ನೋಡೋಕಾಗುತ್ತಾ?" ಅಂದರು. ನಾನು ಬಿಡುತ್ತೇನಾ? "ಕೋಟು ಚೆನ್ನಾಗಿದೆ ಭಾವಾ, ಇದನ್ನೇ ಹಾಕ್ಕೊಂಡು ಹೊರಡಿ" ಅಂದೆ. ಸಭೆ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಬಂತು: "ಅವರು ಒಬ್ಬ ಮಗನನ್ನೂ ಅಪಾರ ಓದುಗರನ್ನೂ ಅಗಲಿದ್ದಾರೆ."

ಭಾವನ ನಗು ಅಲ್ಲೇ ನಿಂತಿತು. ಎದ್ದರು. "ನನ್ನ ಮಗಳೆಲ್ಲಿ?" ಅಂದರು. ಮ್ಯಾನೇಜರು ಬೆವರಿದ. "ಸಾರ್, ಅವರು ಆ ಚಾನೆಲ್ ಸೇರಿದ ಮೇಲೆ ಹೆಸರೆತ್ತಬೇಡಿ ಅಂದವರು ತಾವೇ..." ಭಾವ, "ಸುದ್ದಿ ಎಲ್ಲಿ ಓದಿದರೂ ಮಗಳು ಮಗಳೇ ಕಣಯ್ಯ. ತಪ್ಪು ಹಾಕಿದರೆ ತಿದ್ದುಪಡಿ ಹಾಕೋದು ನಮ್ಮ ಪದ್ಧತಿ. ಹಾಕಿ" ಅಂದರು. ಧ್ವನಿ ಒಡೆದಿತ್ತು, ಕೆಮ್ಮಿ ಮುಚ್ಚಿಕೊಂಡರು. ಮೊದಲು ಚಪ್ಪಾಳೆ ತಟ್ಟಿದ್ದು ಯಾರು? ನಿನ್ನ ಮಾವ!

ಚಿತ್ರ ಅದಲುಬದಲಾದದ್ದು ಹೇಗೆ ಅಂತ ವಿಚಾರಣೆ ನಡೆದಿದೆ. ಎಲ್ಲರ ಕಣ್ಣೂ ನನ್ನ ಮೇಲೆ. ರಿಮೋಟನ್ನು ತಲೆಕೆಳಗಾಗಿ ಹಿಡಿಯುವವನ ಮೇಲೆ ಅನುಮಾನ! ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ.

ಗಂಟಲು ಗಟ್ಟಿಯಿರಲಿ, ನೂರು ವರ್ಷ ಸುದ್ದಿ ಓದು.

ಇಂತಿ,
ಕಂಪನಿಯ ಅರ್ಧ ಚರಿತ್ರೆ (ಉಳಿದರ್ಧ ಭಾವನದು),
ನಿನ್ನ ಮಾವ

ಅಯ್ಯೋ, ಮುಖ್ಯವಾದದ್ದೇ ಮರೆತೆ. ತಿದ್ದುಪಡಿಗೆ ನಿನ್ನ ಫೋಟೊ ಬೇಕಂತೆ. ಕಪಾಟಿನಲ್ಲಿ ರಾಶಿ ಬಿದ್ದಿವೆ, ಭಾವ ಒಂದನ್ನೂ ಒಪ್ಪುತ್ತಿಲ್ಲ. ಪಕ್ಕಪಕ್ಕ ನಿಂತು ಹೊಸದು ತೆಗೆಸಬೇಕಂತೆ. "ನಾನು ಕರೆದೆ ಅಂತ ಬರೀಬೇಡ" ಅಂತ ಈಗ ನನ್ನ ಬೆನ್ನ ಹಿಂದೆಯೇ ನಿಂತು ಗದರುತ್ತಿದ್ದಾರೆ. ಆಯಿತು, ಬರೆದಿಲ್ಲ. ಭಾನುವಾರ ಬಾ. ಕೋಟು ಇಸ್ತ್ರಿಗೆ ಹೋಗಿದೆ.