ಬಾಯೊಳಗಿನ ಬಂಗಾರ

ಮಸ್ಕಿ, ಗುರುವಾರ

ಚಿನ್ನದ ಗಣಿಯೂರು ಹಟ್ಟಿಯ ನನ್ನ ಅಜ್ಜಿಗೆ ನಮಸ್ಕಾರ.

ಇಂದು ಬೆಳಿಗ್ಗೆ, ಅಕ್ಕನ ಮಗಳು, ನನ್ನಂತೆಯೇ ಮಾತು ಕಡಿಮೆಯ ಪದ್ಮಾ, ಕನ್ನಡಿಯ ಮುಂದೆ ಬಾಯಿ ಅಗಲಿಸಿ ಏನೋ ಹುಡುಕುತ್ತಿದ್ದಳು. ಕೇಳಿದರೆ, “ಬಂಗಾರ, ಚಿಗವ್ವ. ಮಾತು ಕಮ್ಮಿ ಇದ್ದೋರ ಬಾಯಾಗ ಇರತೈತಂತ. ಮುತ್ತಜ್ಜಿ ಹೇಳ್ಯಾಳ. ನಿಂದೆಲ್ಲೈತಿ, ತೋರ್ಸು” ಎಂದಳು. ನಗು ಬಂದು ನನ್ನ ಬಾಯಿಯೂ ತೆರೆಯಿತು.

ಓಣಿಯವರು ನನ್ನನ್ನು ಮೂಗಿ ಎಂದಾಗ ನೀನು ಕಟ್ಟಿದ ಕತೆಯದು: “ಗಣಿ ಬಂಗಾರ ತೂಗದ ಹೊರಗ ಬರಂಗಿಲ್ಲ. ನನ್ನ ಮೊಮ್ಮಗಳ ಮಾತೂ ಹಂಗ.” ಅದನ್ನು ನಂಬಿಯೇ ನಾನು ಕುಗ್ಗದೆ ಬೆಳೆದೆ.

ಸಿಂಧನೂರಿನ ಕಾಲೇಜೊಂದು ಕನ್ನಡ ಪಾಠ ಹೇಳಲು ಕರೆದಿದೆ. ಹೆದರಿ, ಒಲ್ಲೆನೆಂದು ಬರೆದಿಟ್ಟಿದ್ದೆ. ಆ ಹಾಳೆ ಈಗ ನನ್ನ ಕೈಯಿಂದಲೇ ಪದ್ಮಾಳ ಕಾಗದದ ದೋಣಿಯಾಗಿದೆ.

ನಿನ್ನ ಇಳಕಲ್ ಸೀರೆಯನ್ನು ಈ ಪತ್ರ ತಂದ ಮಸ್ಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು ಕಳಿಸು. ಮಾತು ತೂಗಿದ್ದು ಸಾಕು, ಸೋಮವಾರ ಅದನ್ನುಟ್ಟು ಪಾಠಕ್ಕೆ ಹೋಗುತ್ತೇನೆ.

ನಿನ್ನ ಮೊಮ್ಮಗಳು,
ಭುವನೇಶ್ವರಿ